ಡಿಸ್ಕ್ ಹೇಳಿದ ಅಂಕಿಯನ್ನು ಪರೀಕ್ಷಿಸದೆ ಲೆಕ್ಕಕ್ಕೆ ಸೇರಿಸಬಾರದು

ಮಾನ್ಯ ಸಂಪಾದಕರೇ,

ಪೆನ್‌ಡ್ರೈವ್ ಹಾಕುವ ಮುನ್ನ ಕಂಪ್ಯೂಟರಿನಲ್ಲಿ ಆಂಟಿವೈರಸ್ ಇದೆಯೇ ನೋಡಿಕೊಳ್ಳಿ ಎಂಬ ಸಲಹೆ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಸಲಹೆ ಸರಿಯೇ, ಆದರೆ ಅದು ತಡವಾಗಿ ಶುರುವಾಗುತ್ತದೆ. ಆಂಟಿವೈರಸ್ ಪರೀಕ್ಷಿಸುವುದು ಫೈಲುಗಳನ್ನು. ಫೈಲುಗಳ ಪಟ್ಟಿ ಕೈಗೆ ಸಿಗಬೇಕಾದರೆ ಆಪರೇಟಿಂಗ್ ಸಿಸ್ಟಮ್ ಒಳಗಿನ ಫೈಲ್‌ಸಿಸ್ಟಮ್ (ಡಿಸ್ಕಿನ ಮೇಲೆ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಕೋಡ್ ಮೊದಲು ಆ ಡ್ರೈವಿನ ಆರಂಭದ ಸೆಕ್ಟರ್‌ಗಳನ್ನು, ಅಂದರೆ ಡಿಸ್ಕಿನ ಪುಟ್ಟ ತುಂಡುಗಳನ್ನು, ಓದಬೇಕು, ಅಲ್ಲಿ ಬರೆದಿರುವ ಅಂಕಿಗಳನ್ನು ಕೂಡಿ ಗುಣಿಸಿ ಯಾವುದು ಎಲ್ಲಿದೆ ಎಂದು ಲೆಕ್ಕ ಹಾಕಬೇಕು. ಆ ಲೆಕ್ಕದಲ್ಲೇ ಎಡವಿದರೆ ಆಂಟಿವೈರಸ್‌ನ ಸರದಿ ಬರುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಪ್ರಾಜೆಕ್ಟ್ ರಿಪೋರ್ಟ್ ಕೊಡುವ ದಿನಗಳಲ್ಲಿ ದಾವಣಗೆರೆಯ ವಿದ್ಯಾನಗರ, ಹದಡಿ ರಸ್ತೆಯಂಥ ಕಡೆ ಜೆರಾಕ್ಸ್ ಅಂಗಡಿಯ ಒಂದೇ ಕಂಪ್ಯೂಟರಿಗೆ ಎಷ್ಟು ಜನರ ಪೆನ್‌ಡ್ರೈವ್ ಹೋಗಿ ಬರುತ್ತದೆ ಎಂಬುದನ್ನು ನೆನೆದರೆ ಈ ಮಾತಿನ ತೂಕ ಗೊತ್ತಾಗುತ್ತದೆ.

ಈ ಪತ್ರ ಬಳಕೆದಾರರಿಗಿಂತ ಹೆಚ್ಚಾಗಿ ಅಂಥ ಕೋಡ್ ಬರೆಯುವವರಿಗೆ, ಬರೆಯಲು ಕಲಿಯುತ್ತಿರುವವರಿಗೆ ಮತ್ತು ಕಲಿಸುವವರಿಗೆ. ದಾವಣಗೆರೆ, ಚಿತ್ರದುರ್ಗ ಎರಡೂ ಕಡೆಯ ಇಂಜಿನಿಯರಿಂಗ್ ಕಾಲೇಜುಗಳಿಂದ ಹೊರಬಂದ ಮಕ್ಕಳು ಬೆಂಗಳೂರಿನಲ್ಲಿ ಸ್ಟೋರೇಜ್, ಡ್ರೈವರ್, ಎಂಬೆಡೆಡ್ ಕೆಲಸಗಳಿಗೆ ಸೇರುತ್ತಾರೆ. ಅವರ ಕೈಯ ಸಿ ಕೋಡ್ ನಾಳೆ ಯಾರದೋ ಅಂಗಡಿಯ ಕ್ಯಾಮೆರಾ ಪೆಟ್ಟಿಗೆಯೊಳಗೆ ಕೂರುತ್ತದೆ. ಲೆಕ್ಕದ ಉತ್ತರ ಅದಕ್ಕೆಂದು ಇಟ್ಟ ಜಾಗದಲ್ಲಿ ಹಿಡಿಸದೆ ಕೆಡುವ ಇಂಟಿಜರ್ ಓವರ್‌ಫ್ಲೋ ಎಂಬ ದೋಷವನ್ನು ನಾವು ಪಠ್ಯದಲ್ಲಿ ಒಂದು ವ್ಯಾಖ್ಯೆಯಾಗಿ ಹೇಳಿ ಮುಗಿಸುತ್ತೇವೆ. ಅದನ್ನು ತಡೆಯುವ ಕೈರೂಢಿಯನ್ನು ಲ್ಯಾಬಿನಲ್ಲಿ ಕಲಿಸುವುದಿಲ್ಲ. ನನ್ನ ತಕರಾರು ಇಷ್ಟೇ, ಅದಕ್ಕೆ ಕಾರಣಗಳನ್ನು ವಿವರವಾಗಿ ಕೊಡುತ್ತೇನೆ.

32 ಬಿಟ್‌ಗಳ ಅನ್‌ಸೈನ್ಡ್ (ಋಣ ಚಿಹ್ನೆಯಿಲ್ಲದ) ಪೂರ್ಣಾಂಕ ಹಿಡಿಯಬಲ್ಲ ಅತಿ ದೊಡ್ಡ ಸಂಖ್ಯೆ 4,29,49,67,295. ಮಂಡಿಯ ಲೆಕ್ಕದ ಹಾಳೆಯಲ್ಲಿ ನಾಲ್ಕೇ ಮನೆ ಅಚ್ಚಾಗಿದ್ದರೆ 9999 ಚೀಲಕ್ಕೆ ಇನ್ನೊಂದು ಸೇರಿದಾಗ ಬರೆಯಲು ಉಳಿಯುವುದು 0000 ಮಾತ್ರ. ಕಂಪ್ಯೂಟರ್ ಮಾಡುವುದೂ ಅದನ್ನೇ, ಯಾರಿಗೂ ಹೇಳದೆ. ಸಾಮಾನ್ಯ ಪ್ರೋಗ್ರಾಮಿನಲ್ಲಿ ಇದರಿಂದ ಉತ್ತರ ತಪ್ಪುತ್ತದೆ, ಅಷ್ಟೇ. ಫೈಲ್‌ಸಿಸ್ಟಮ್ ಕೋಡಿನಲ್ಲಿ ಹಾಗಲ್ಲ. ಅಲ್ಲಿ ಬಹುತೇಕ ಅಂಕಿಗಳು ಒಂದೋ ಗಾತ್ರ, ಇಲ್ಲವೇ ಸ್ಥಾನ. ಆ ಅಂಕಿಯಷ್ಟು ಮೆಮೊರಿ ಕೇಳುತ್ತಾರೆ, ಆ ಸ್ಥಾನಕ್ಕೆ ಬರೆಯುತ್ತಾರೆ. ಅಂಕಿ ಬಂದದ್ದು ಡಿಸ್ಕಿನಿಂದ, ಡಿಸ್ಕಿನ ಮೇಲೆ ಅದನ್ನು ಬರೆದವರು ಯಾರೋ ಗೊತ್ತಿಲ್ಲ. ಓದುವ ಕೋಡ್ ಮಾತ್ರ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಪೂರ್ಣ ಅಧಿಕಾರದಲ್ಲಿ ಓಡುತ್ತಿರುತ್ತದೆ.

ಒಂದೇ ಒಂದು ಕೂಡುವಿಕೆ ಏನು ಮಾಡಬಲ್ಲದು ಎಂಬುದಕ್ಕೆ ಸಾರ್ವಜನಿಕ ದಾಖಲೆಯಲ್ಲೇ ಉದಾಹರಣೆಯಿದೆ. 2020ರ ಜುಲೈನಲ್ಲಿ ಗ್ರಬ್-2 ಬೂಟ್‌ಲೋಡರ್‌ನ (ಕಂಪ್ಯೂಟರ್ ಚಾಲೂ ಆದಾಗ ಆಪರೇಟಿಂಗ್ ಸಿಸ್ಟಮನ್ನು ಎಬ್ಬಿಸುವ ಪ್ರೋಗ್ರಾಮಿನ) ‘ಬೂಟ್‌ಹೋಲ್’ ದೋಷ ಬಯಲಾದಾಗ ಅದರ ಜೊತೆಗೆ ಇನ್ನೂ ಹಲವು ದೋಷಗಳು ಹೊರಬಂದವು. ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಾದ ಸಿವಿಇಯಲ್ಲಿ ಅವುಗಳಲ್ಲೊಂದರ ದಾಖಲೆ ಸಂಖ್ಯೆ ಸಿವಿಇ-2020-14311. ಇಎಕ್ಸ್‌ಟಿ2 ಎಂಬ ಲಿನಕ್ಸ್ ಫೈಲ್‌ಸಿಸ್ಟಮ್ ಮಾದರಿಯ ಡಿಸ್ಕಿನಲ್ಲಿ ಸಿಂಬಾಲಿಕ್ ಲಿಂಕ್ ಎಂದರೆ ಇನ್ನೊಂದು ಫೈಲಿನ ದಾರಿಯನ್ನಷ್ಟೇ ಹೊತ್ತಿರುವ ಪುಟ್ಟ ಫೈಲು. ಅದನ್ನು ಓದುವಾಗ ಗ್ರಬ್, ಇನೋಡ್‌ನಲ್ಲಿ (ಫೈಲಿನ ವಿವರಗಳಿರುವ ದಾಖಲೆಯಲ್ಲಿ) ಬರೆದ ಗಾತ್ರಕ್ಕೆ ಕೊನೆಯ ಸೊನ್ನೆ ಬೈಟಿಗೆಂದು 1 ಕೂಡಿ ಅಷ್ಟು ಮೆಮೊರಿ ಕೇಳುತ್ತಿತ್ತು. ಗಾತ್ರದ ಜಾಗದಲ್ಲಿ 4,29,49,67,295 ಎಂದು ಬರೆದಿಟ್ಟರೆ ಕೂಡಿದ ಮೊತ್ತ ಸೊನ್ನೆ. ಸೊನ್ನೆ ಬೈಟ್ ಕೇಳಿದರೂ ಮೆಮೊರಿ ಹಂಚುವ ಫಂಕ್ಷನ್ ಚಿಕ್ಕದೊಂದು ತುಂಡು ಕೊಟ್ಟು ಕಳಿಸುತ್ತದೆ. ಮುಂದಿನ ಸಾಲು ಮಾತ್ರ ಹಳೆಯ ದೊಡ್ಡ ಗಾತ್ರವನ್ನೇ ನಂಬಿ ಆ ತುಂಡಿನೊಳಗೆ ಡಿಸ್ಕಿನ ದತ್ತಾಂಶ ಸುರಿಯತೊಡಗುತ್ತದೆ. ಪಕ್ಕದಲ್ಲಿದ್ದ ಮೆಮೊರಿ ಎಲ್ಲ ದಾಳಿಕೋರ ಬರೆದಂತೆ ಆಗುತ್ತದೆ. ಇದು ನಡೆಯುವುದು ಆಪರೇಟಿಂಗ್ ಸಿಸ್ಟಮ್ ಇನ್ನೂ ಎದ್ದಿರದ ಹೊತ್ತಿನಲ್ಲಿ, ಸೆಕ್ಯೂರ್ ಬೂಟ್ ಎಂಬ ಕಾವಲು ಏನನ್ನು ಕಾಯಬೇಕೋ ಅದೇ ಜಾಗದಲ್ಲಿ.

ಗ್ರಬ್ ತಂಡ ಅದನ್ನು ಸರಿಪಡಿಸಿತು. ಆದರೆ ಯು-ಬೂಟ್ ಎಂಬ ಇನ್ನೊಂದು ಬೂಟ್‌ಲೋಡರ್ ಇದೆ. ಎಆರ್‌ಎಂ ಚಿಪ್‌ನ ಚಿಕ್ಕ ಬೋರ್ಡುಗಳು, ರೌಟರ್‌ಗಳು, ಕ್ಯಾಮೆರಾ ರೆಕಾರ್ಡರ್‌ಗಳಲ್ಲಿ ಬಹಳ ಬಳಕೆಯಲ್ಲಿರುವುದು ಅದೇ. ಅದರ ಇಎಕ್ಸ್‌ಟಿ ಓದುವ ಕೋಡ್ 2004ರ ಹೊತ್ತಿಗೆ ಗ್ರಬ್-2ರ ಕೋಡನ್ನೇ ಆಧರಿಸಿ ಬರೆದದ್ದು, ಫೈಲಿನ ತಲೆಬರಹದಲ್ಲೇ ಆ ಮಾತಿದೆ. ಕೋಡ್ ಬಂತು, ತಿದ್ದುಪಡಿ ಬರಲಿಲ್ಲ. ಅದೇ ಸಿಂಬಾಲಿಕ್ ಲಿಂಕ್, ಅದೇ ಗಾತ್ರ, ಅದೇ 1ರ ಕೂಡುವಿಕೆ ಸಿವಿಇ-2024-57256 ಎಂಬ ಸಂಖ್ಯೆಯಲ್ಲಿ ಮತ್ತೆ ದಾಖಲಾಗಿ, ಯು-ಬೂಟ್‌ನ 2025.01 ಆವೃತ್ತಿಯಲ್ಲಿ ಸರಿಯಾಯಿತು. ನಡುವೆ ಹೋದದ್ದು ನಾಲ್ಕು ವರ್ಷಕ್ಕೂ ಹೆಚ್ಚು. ಬೇರೆಯವರ ಕೋಡನ್ನು ನಿಮ್ಮ ಪ್ರಾಜೆಕ್ಟಿಗೆ ತಂದರೆ ಎಲ್ಲಿಂದ, ಯಾವ ಆವೃತ್ತಿಯಿಂದ ತಂದಿರಿ ಎಂದು ಫೈಲಿನ ಮೇಲೇ ಬರೆದಿಡಿ. ಮೂಲದಲ್ಲಿ ಭದ್ರತಾ ತಿದ್ದುಪಡಿ ಬಂದಾಗಲೆಲ್ಲ ನಿಮ್ಮ ಪ್ರತಿಯಲ್ಲೂ ಅದೇ ಸಾಲು ಇದೆಯೇ ಎಂದು ಹುಡುಕುವ ಹೊಣೆ ಒಬ್ಬರಿಗಿರಲಿ.

ತಿದ್ದುಪಡಿ ಬಲು ಸುಲಭದ್ದು. ಜಿಸಿಸಿ ಎಂಬ ಸಿ ಕಂಪೈಲರ್‌ನ (ಕೋಡನ್ನು ಯಂತ್ರದ ಭಾಷೆಗೆ ಬದಲಿಸುವ ಪ್ರೋಗ್ರಾಮಿನ) 5ನೇ ಆವೃತ್ತಿಯಿಂದ, ಅಂದರೆ 2015ರಿಂದ, ಕಂಪೈಲರ್ ತಾನೇ ಬಿಲ್ಟಿನ್ ಆಡ್ ಓವರ್‌ಫ್ಲೋ, ಸಬ್ ಓವರ್‌ಫ್ಲೋ, ಮಲ್ ಓವರ್‌ಫ್ಲೋ ಎಂಬ ಮೂರು ಫಂಕ್ಷನ್‌ಗಳನ್ನು ಕೊಡುತ್ತದೆ. ಕ್ಲ್ಯಾಂಗ್ ಎಂಬ ಇನ್ನೊಂದು ಕಂಪೈಲರ್‌ನಲ್ಲೂ ಇವೆ. ಎರಡು ಸಂಖ್ಯೆ ಮತ್ತು ಉತ್ತರ ಇಡುವ ವೇರಿಯಬಲ್‌ನ ವಿಳಾಸ ಕೊಟ್ಟರೆ, ಉತ್ತರ ಆ ವೇರಿಯಬಲ್‌ಗೆ ಹಿಡಿಸದಿದ್ದಾಗ ‘ನಿಜ’ ಎಂದು ಹಿಂದಿರುಗಿಸುತ್ತವೆ. ಹಾಗೆ ಬಂದರೆ ಅಲ್ಲೇ ಎರರ್ ಕೊಟ್ಟು ಹೊರಬೀಳುವುದು, ಮುಂದಕ್ಕೆ ಹೋಗುವುದಿಲ್ಲ. ಲಿನಕ್ಸ್ ಕರ್ನಲ್‌ನಲ್ಲಿ ಇವೇ ಚೆಕ್ ಆಡ್ ಓವರ್‌ಫ್ಲೋ ಮೊದಲಾದ ಹೆಸರಿನಲ್ಲಿ ಓವರ್‌ಫ್ಲೋ ಹೆಡರ್ ಫೈಲಿನಲ್ಲಿವೆ. ಅಲ್ಲೇ ಸ್ಟ್ರಕ್ಟ್ ಸೈಜ್, ಅರೇ ಸೈಜ್ ಎಂಬ ಮ್ಯಾಕ್ರೋಗಳಿವೆ, ಅವು ಮೀರಿದ ಮೊತ್ತವನ್ನು ಸಾಧ್ಯವಿರುವ ಅತಿ ದೊಡ್ಡ ಸಂಖ್ಯೆಗೇ ನಿಲ್ಲಿಸುವುದರಿಂದ ಮೆಮೊರಿ ಕೇಳುವ ಹಂತದಲ್ಲೇ ಸೋಲು ಖಚಿತ. ಸಿ ಭಾಷೆಯ 2023ರ ಮಾನಕದಲ್ಲಿ ಸಿಕೆಡಿ ಆಡ್, ಸಿಕೆಡಿ ಸಬ್, ಸಿಕೆಡಿ ಮಲ್ ಎಂದು ಇದೇ ಕೆಲಸ ಅಧಿಕೃತವಾಗಿ ಸೇರಿದೆ. ಗ್ರಬ್ ಕೂಡ 2020ರ ಏಟಿನ ನಂತರ ಸೇಫ್‌ಮ್ಯಾತ್ ಹೆಸರಿನ ಹೆಡರ್ ಸೇರಿಸಿಕೊಂಡಿತು.

ಆದರೂ ಈ ಪರೀಕ್ಷೆಯೊಂದೇ ಸಾಲದು. ಗಾತ್ರದ ಜಾಗದಲ್ಲಿ 4,29,49,67,294 ಎಂದು ಬರೆದರೆ ಕೂಡುವಿಕೆ ಮೀರುವುದಿಲ್ಲ, ಪರೀಕ್ಷೆ ಪಾಸಾಗುತ್ತದೆ, ಕೋಡ್ ಒಂದು ಲಿಂಕಿಗಾಗಿ 4 ಜಿಬಿ ಮೆಮೊರಿ ಕೇಳುತ್ತದೆ. ಲಿನಕ್ಸ್‌ನಲ್ಲಿ ಒಂದು ದಾರಿಯ ಉದ್ದಕ್ಕೆ 4,096 ಬೈಟ್ ಮಿತಿ ಇದೆ. ಅದಕ್ಕಿಂತ ದೊಡ್ಡ ಲಿಂಕ್ ಎಂದು ಡಿಸ್ಕ್ ಹೇಳಿದರೆ ಆ ಡಿಸ್ಕ್ ಕೆಟ್ಟಿದೆ ಅಥವಾ ಸುಳ್ಳು ಹೇಳುತ್ತಿದೆ. ಆದ್ದರಿಂದ ಮೊದಲು ವಿಷಯಕ್ಕೆ ತಕ್ಕ ಮಿತಿ, ಆಮೇಲೆ ಲೆಕ್ಕದ ಪರೀಕ್ಷೆ, ಎರಡೂ ಬೇಕು.

ಮಿತಿಗಳನ್ನು ಎಲ್ಲಿ ಹಾಕಬೇಕು? ಮೌಂಟ್ ಮಾಡುವಾಗ, ಅಂದರೆ ಡಿಸ್ಕನ್ನು ಬಳಕೆಗೆ ತೆರೆಯುವಾಗ, ಒಂದೇ ಫಂಕ್ಷನ್ನಿನಲ್ಲಿ, ಬೇರೆ ಯಾವ ಲೆಕ್ಕಕ್ಕೂ ಮೊದಲು. ಎಲ್ಲರಿಗೂ ಪರಿಚಯವಿರುವ, ಪೆನ್‌ಡ್ರೈವ್‌ಗಳಲ್ಲಿ ಕಾಣುವ ಎಫ್‌ಎಟಿ32 ಫೈಲ್‌ಸಿಸ್ಟಮ್ ತೆಗೆದುಕೊಳ್ಳೋಣ. ಅದರ ಮೊದಲ ಸೆಕ್ಟರ್‌ನಲ್ಲಿ, 0ಯಿಂದ ಎಣಿಸಿದರೆ, 11ನೇ ಬೈಟಿನಿಂದ ಎರಡು ಬೈಟ್, ಒಂದು ಸೆಕ್ಟರಿಗೆ ಎಷ್ಟು ಬೈಟ್ ಎಂಬುದು. ಅದು 512, 1,024, 2,048 ಅಥವಾ 4,096 ಮಾತ್ರ ಆಗಿರಬೇಕು. 13ನೇ ಬೈಟ್, ಒಂದು ಕ್ಲಸ್ಟರಿಗೆ (ಫೈಲುಗಳಿಗೆ ಜಾಗ ಹಂಚುವ ಘಟಕಕ್ಕೆ) ಎಷ್ಟು ಸೆಕ್ಟರ್ ಎಂಬುದು. 1ರಿಂದ 128ರವರೆಗಿನ ಎರಡರ ಘಾತಗಳಷ್ಟೇ ಸರಿ, 0 ಬಂದರೆ ಮುಂದೆಲ್ಲೋ ಭಾಗಾಕಾರದಲ್ಲಿ ಕರ್ನಲ್ ಬೀಳುತ್ತದೆ. 14ರಿಂದ ಎರಡು ಬೈಟ್ ಕಾದಿರಿಸಿದ ಸೆಕ್ಟರ್‌ಗಳು, 16ನೇ ಬೈಟ್ ಎಫ್‌ಎಟಿ ಪಟ್ಟಿಯ, ಅಂದರೆ ಫೈಲಿನಲ್ಲಿ ಯಾವ ಕ್ಲಸ್ಟರಿನ ನಂತರ ಯಾವುದು ಎಂಬ ಸರಪಳಿಯ ಪಟ್ಟಿಯ, ಪ್ರತಿಗಳು (ಸಾಮಾನ್ಯವಾಗಿ 2), 32ರಿಂದ ನಾಲ್ಕು ಬೈಟ್ ಒಟ್ಟು ಸೆಕ್ಟರ್‌ಗಳು, 36ರಿಂದ ನಾಲ್ಕು ಬೈಟ್ ಒಂದು ಪಟ್ಟಿಯ ಗಾತ್ರ, 44ರಿಂದ ನಾಲ್ಕು ಬೈಟ್ ಮೂಲ ಡೈರೆಕ್ಟರಿಯ ಕ್ಲಸ್ಟರ್.

ದತ್ತಾಂಶ ಎಲ್ಲಿ ಶುರು ಎಂಬುದಕ್ಕೆ ಸೂತ್ರ: ಕಾದಿರಿಸಿದ ಸೆಕ್ಟರ್‌ಗಳು + ಪ್ರತಿಗಳು × ಪಟ್ಟಿಯ ಗಾತ್ರ. ಪಟ್ಟಿಯ ಗಾತ್ರ 2,14,74,83,648 ಎಂದು ಬರೆದಿದ್ದರೆ ಎರಡರಿಂದ ಗುಣಿಸಿದಾಗ 32 ಬಿಟ್‌ನಲ್ಲಿ ಉತ್ತರ ಸೊನ್ನೆ. ಆಗ ದತ್ತಾಂಶದ ಪ್ರದೇಶ ಎಫ್‌ಎಟಿ ಪಟ್ಟಿಯ ಮೇಲೆಯೇ ಬಂದು ಕೂರುತ್ತದೆ, ಫೈಲು ಬರೆದಾಗ ಪಟ್ಟಿ ಅಳಿಯುತ್ತದೆ. ಈ ಗುಣಾಕಾರವನ್ನು 64 ಬಿಟ್‌ನಲ್ಲಿ ಮಾಡಿದರೆ ಮೀರುವ ಪ್ರಶ್ನೆಯೇ ಇಲ್ಲ: 32 ಬಿಟ್‌ನ ಒಂದು ಸಂಖ್ಯೆ, 8 ಬಿಟ್‌ನ ಇನ್ನೊಂದು, ಎರಡರ ಗುಣಲಬ್ಧ 40 ಬಿಟ್‌ನೊಳಗೆ ಬರುತ್ತದೆ. ಬಂದ ಉತ್ತರ ಒಟ್ಟು ಸೆಕ್ಟರ್‌ಗಳಿಗಿಂತ ಕಡಿಮೆ ಇದೆಯೇ ನೋಡಬೇಕು. ಒಟ್ಟು ಸೆಕ್ಟರ್‌ಗಳು, ಸಾಧನ ತಾನಾಗಿ ತಿಳಿಸುವ ಸಾಮರ್ಥ್ಯದೊಳಗೆ ಇವೆಯೇ ನೋಡಬೇಕು. ಈ ಕೊನೆಯ ಹೋಲಿಕೆಯನ್ನು ಬಹಳ ಜನ ಬಿಡುತ್ತಾರೆ. ಡಿಸ್ಕಿನ ಮೇಲಿನ ಬರಹವನ್ನು ಡಿಸ್ಕಿನ ಮೇಲಿನ ಇನ್ನೊಂದು ಬರಹಕ್ಕೆ ಹೋಲಿಸಿದರೆ, ಎರಡನ್ನೂ ಬರೆದವರು ಒಬ್ಬರೇ ಆಗಿರಬಹುದು.

ಕಳೆಯುವಿಕೆಯೂ ಅಷ್ಟೇ ಅಪಾಯದ್ದು. ಎಫ್‌ಎಟಿಯಲ್ಲಿ ಕ್ಲಸ್ಟರ್‌ಗಳ ಎಣಿಕೆ 2ರಿಂದ ಶುರುವಾಗುವುದರಿಂದ ಸ್ಥಾನ ಕಂಡುಹಿಡಿಯಲು ಕ್ಲಸ್ಟರ್ ಸಂಖ್ಯೆಯಿಂದ 2 ಕಳೆಯುತ್ತಾರೆ. ಡಿಸ್ಕಿನಲ್ಲಿ 0 ಎಂದಿದ್ದರೆ ಉತ್ತರ 4,29,49,67,294. ಕ್ಲಸ್ಟರ್ ಸಂಖ್ಯೆ 2ಕ್ಕಿಂತ ಕಡಿಮೆಯೇ, ಕೊನೆಯ ಕ್ಲಸ್ಟರಿಗಿಂತ ಹೆಚ್ಚೇ ಎಂಬ ಪರೀಕ್ಷೆ ಪ್ರತಿ ಸಲ ಸರಪಳಿಯಲ್ಲಿ ಮುಂದಿನ ಕ್ಲಸ್ಟರಿಗೆ ಹೋಗುವಾಗಲೂ ಬೇಕು, ಮೂಲ ಡೈರೆಕ್ಟರಿಗೆ ಒಮ್ಮೆ ಮಾಡಿದರೆ ಸಾಲದು.

ಕಳೆಯುವಿಕೆಯಿಂದ ಲಿನಕ್ಸ್ ಕರ್ನಲ್ಲೇ ಪೆಟ್ಟು ತಿಂದದ್ದು 2022ರ ಜನವರಿಯಲ್ಲಿ ಬೆಳಕಿಗೆ ಬಂತು, ಸಿವಿಇ-2022-0185. ಮೌಂಟ್ ಆಯ್ಕೆಗಳನ್ನು 4,096 ಬೈಟಿನ ಒಂದು ಪುಟದಲ್ಲಿ ಜೋಡಿಸುವ ಕೋಡ್ ಅದು. ಹೊಸ ಆಯ್ಕೆಯ ಉದ್ದ, ‘ಪುಟದ ಗಾತ್ರ ಕಳೆ 2 ಕಳೆ ಈಗಾಗಲೇ ತುಂಬಿರುವುದು’ ಎಂಬುದಕ್ಕಿಂತ ಹೆಚ್ಚಿದ್ದರೆ ಬೇಡವೆನ್ನು ಎಂದು ಬರೆದಿದ್ದರು. ಓದಲು ಸರಿಯಾಗೇ ಇದೆ. ಆದರೆ ತುಂಬಿರುವುದು 4,095 ಬೈಟ್ ಆದಾಗ 4,096ರಿಂದ 2, ಆಮೇಲೆ 4,095 ಕಳೆದರೆ ಋಣ 1. ಅನ್‌ಸೈನ್ಡ್ ಲೆಕ್ಕದಲ್ಲಿ ಋಣ ಎಂಬುದಿಲ್ಲ, ಅದು ಇಪ್ಪತ್ತು ಅಂಕೆಗಳ ಮಹಾ ಸಂಖ್ಯೆಯಾಗುತ್ತದೆ. ಯಾವ ಉದ್ದವೂ ಅದಕ್ಕಿಂತ ಹೆಚ್ಚಾಗದು, ಹಾಗಾಗಿ ಎಲ್ಲವೂ ಒಳಗೆ ಬಿಡುಗಡೆ. ತಿದ್ದುಪಡಿಯಲ್ಲಿ ಹೋಲಿಕೆಯನ್ನು ತಿರುಗಿಸಿ ಬರೆದರು: ತುಂಬಿರುವುದು + ಹೊಸ ಉದ್ದ + 2, ಪುಟದ ಗಾತ್ರಕ್ಕಿಂತ ಹೆಚ್ಚೇ?

ಇಲ್ಲಿ ವಿದ್ಯಾರ್ಥಿಗಳು ಒಂದು ತಪ್ಪು ಪಾಠ ಕಲಿಯುವ ಭಯವಿದೆ, ‘ಯಾವಾಗಲೂ ಕೂಡು, ಕಳೆಯಬೇಡ’ ಎಂದು. ಇಲ್ಲಿ ಕೂಡುವುದು ಸರಿಯಾದದ್ದು ಎರಡೂ ಅಂಕಿಗಳು ಚಿಕ್ಕವೆಂದು ಮೊದಲೇ ಖಾತ್ರಿ ಇದ್ದುದರಿಂದ. ಡಿಸ್ಕಿನಿಂದ ಬಂದ ಸ್ಥಾನ ಮತ್ತು ಉದ್ದವನ್ನು ಕೂಡಿ ‘ಫೈಲಿನ ಗಾತ್ರ ಮೀರಿತೇ’ ಎಂದು ಕೇಳಿದರೆ ಕೂಡುವಿಕೆಯೇ ಸುತ್ತಿಕೊಂಡು ಬರಬಹುದು. ಅಲ್ಲಿ ಕ್ರಮ ಬೇರೆ: ಸ್ಥಾನ ಗಾತ್ರದೊಳಗೆ ಇದೆಯೇ ಎಂದು ಮೊದಲು ಕೇಳಿ, ಇದ್ದರೆ ಮಾತ್ರ ಗಾತ್ರದಿಂದ ಸ್ಥಾನ ಕಳೆದು, ಉದ್ದ ಆ ಉಳಿಕೆಗಿಂತ ಹೆಚ್ಚೇ ಎಂದು ಕೇಳಬೇಕು. ಯಾವ ಕ್ರಮ ಸರಿ ಎಂಬುದು ಅಂಕಿಗಳ ಮೇಲ್ಮಿತಿ ಗೊತ್ತಿದೆಯೇ ಇಲ್ಲವೇ ಎಂಬುದರ ಮೇಲೆ ನಿಂತಿದೆ. ಮೇಲ್ಮಿತಿ ಗೊತ್ತಿಲ್ಲದಿದ್ದರೆ ಬಿಲ್ಟಿನ್ ಫಂಕ್ಷನ್ ಬಳಸಿ, ಜಾಣತನಕ್ಕೆ ಹೋಗಬೇಡಿ.

ಇನ್ನು ಬ್ಲಾಕ್ ಸಂಖ್ಯೆಯನ್ನು ಬೈಟ್ ಸ್ಥಾನಕ್ಕೆ ಬದಲಿಸುವ ಸಾಲು. ಫೈಲ್‌ಸಿಸ್ಟಮ್ ಕೋಡಿನಲ್ಲಿ ಪದೇ ಪದೇ ಬರುವ, ಬಹಳ ಮೋಸ ಮಾಡುವ ಸಾಲು ಇದು. 4,096 ಬೈಟಿನ ಬ್ಲಾಕ್ ಇದ್ದಾಗ 10,48,576ನೇ ಬ್ಲಾಕಿನ ಸ್ಥಾನ 4,29,49,67,296. 32 ಬಿಟ್‌ನಲ್ಲಿ ಅದು ಸೊನ್ನೆ. ಅಂದರೆ ಡಿಸ್ಕಿನ 4 ಜಿಬಿ ಗಡಿಯಾಚೆ ಬರೆಯಬೇಕಾದದ್ದು ಡಿಸ್ಕಿನ ತಲೆಗೇ ಬರೆದು, ಇಎಕ್ಸ್‌ಟಿ4 ಆದರೆ 1,024ನೇ ಬೈಟಿನಲ್ಲಿರುವ ಸೂಪರ್‌ಬ್ಲಾಕನ್ನೇ (ಇಡೀ ಫೈಲ್‌ಸಿಸ್ಟಮ್‌ನ ಮೂಲ ವಿವರವನ್ನೇ) ನುಂಗುತ್ತದೆ. ದಾಳಿಕೋರರೇ ಬೇಕಿಲ್ಲ, ಪ್ರಾಮಾಣಿಕ ದೊಡ್ಡ ಡಿಸ್ಕ್ ಸಾಕು. ಸರಿಪಡಿಸಲು 64 ಬಿಟ್‌ಗೆ ಬದಲಿಸಿದ್ದೇವೆ ಎನ್ನುವವರ ಕೋಡಿನಲ್ಲೂ ಬದಲಾವಣೆ ಆವರಣದ ಹೊರಗೆ ಇರುತ್ತದೆ: ಗುಣಾಕಾರ 32 ಬಿಟ್‌ನಲ್ಲಿ ಮುಗಿದು, ಕೆಟ್ಟ ಉತ್ತರ ಆಮೇಲೆ 64 ಬಿಟ್ ಆಗುತ್ತದೆ. ಗುಣಿಸುವ ಮೊದಲೇ ಬ್ಲಾಕ್ ಸಂಖ್ಯೆಯನ್ನು 64 ಬಿಟ್ ಮಾಡಬೇಕು. 64 ಎಂಬಿಯ ಪರೀಕ್ಷಾ ಇಮೇಜಿನಲ್ಲಿ (ಇಡೀ ಡಿಸ್ಕಿನ ಪ್ರತಿಯಂತಿರುವ ಫೈಲಿನಲ್ಲಿ) ಈ ತಪ್ಪು ಎಂದೂ ಕಾಣುವುದಿಲ್ಲ. ಲಿನಕ್ಸ್‌ನಲ್ಲಿ ಟ್ರಂಕೇಟ್ ಆಜ್ಞೆಯಿಂದ 3 ಟಿಬಿಯ ಖಾಲಿ ಫೈಲು ಮಾಡಿ ಅದರ ಮೇಲೆ ಫೈಲ್‌ಸಿಸ್ಟಮ್ ರಚಿಸಿ. ಅದು ತೂತುಳ್ಳ ಫೈಲಾದ್ದರಿಂದ ನಿಜವಾಗಿ ಹಿಡಿಯುವ ಜಾಗ ಬರೆದಷ್ಟೇ. 4 ಜಿಬಿಯ ಆಚೀಚೆ, 512 ಬೈಟಿನ ಸೆಕ್ಟರ್ ಲೆಕ್ಕದಲ್ಲಿ 32 ಬಿಟ್ ಮುಗಿಯುವ 2 ಟಿಬಿಯ ಆಚೀಚೆ ಬರೆದು ಓದಿ ತಾಳೆ ನೋಡಿ.

16 ಬಿಟ್‌ನ ಅಂಕಿಗಳೆಂದು ಉದಾಸೀನ ಮಾಡುವಂತಿಲ್ಲ. ಸಿ ಭಾಷೆ 16 ಬಿಟ್‌ನ ಎರಡು ಅನ್‌ಸೈನ್ಡ್ ಸಂಖ್ಯೆಗಳನ್ನು ಗುಣಿಸುವ ಮೊದಲು ಎರಡನ್ನೂ ಇಂಟ್ ಆಗಿ, ಅಂದರೆ ಋಣವನ್ನೂ ಹಿಡಿಯುವ ಸೈನ್ಡ್ ಸಂಖ್ಯೆಯಾಗಿ, ಬದಲಿಸುತ್ತದೆ. 65,535ನ್ನು 65,535ರಿಂದ ಗುಣಿಸಿದರೆ 4,29,48,36,225. ಇಂಟ್‌ನ ಮಿತಿ 2,14,74,83,647. ಸೈನ್ಡ್ ಲೆಕ್ಕ ಮೀರಿದರೆ ಏನಾಗಬೇಕೆಂದು ಸಿ ಮಾನಕ ಹೇಳುವುದೇ ಇಲ್ಲ, ಕಂಪೈಲರಿಗೆ ಅಲ್ಲಿ ಪೂರ್ತಿ ಸ್ವಾತಂತ್ರ್ಯ. ‘ಕೂಡಿದ ಮೇಲೆ ಮೊತ್ತ ಮೊದಲಿನದಕ್ಕಿಂತ ಕಡಿಮೆಯಾದರೆ ಮೀರಿದೆ’ ಎಂಬ ಹಳೆಯ ಪರೀಕ್ಷೆಯನ್ನು ಸೈನ್ಡ್ ಸಂಖ್ಯೆಗಳ ಮೇಲೆ ಬರೆದರೆ, ಹಾಗಾಗುವುದೇ ಇಲ್ಲ ಎಂದು ಭಾವಿಸಿ ಕಂಪೈಲರ್ ಆ ಸಾಲನ್ನೇ ಅಳಿಸಿಹಾಕಬಹುದು. ಲಿನಕ್ಸ್ ಕರ್ನಲ್ ಈ ಕಾರಣಕ್ಕೇ ‘ನೋ ಸ್ಟ್ರಿಕ್ಟ್ ಓವರ್‌ಫ್ಲೋ’ ಆಯ್ಕೆಯೊಂದಿಗೆ ಕಂಪೈಲ್ ಆಗುತ್ತದೆ. ನೀವೇ ಆ ಆಯ್ಕೆ ಹಾಕದಿದ್ದರೆ ನಿಮ್ಮ ಪ್ರಾಜೆಕ್ಟ್ ಹಾಗೆ ಆಗುವುದಿಲ್ಲ.

ಶಿಫ್ಟ್ ಮಾಡುವಾಗಲೂ, ಅಂದರೆ ಬಿಟ್‌ಗಳನ್ನು ಪಕ್ಕಕ್ಕೆ ಸರಿಸುವಾಗಲೂ, ಇದೇ ಗುಂಡಿ. ಇಎಕ್ಸ್‌ಟಿ4ನಲ್ಲಿ 2009ರ ಒಂದು ದೋಷ, ಸಿವಿಇ-2009-4307, ಪಾಠಕ್ಕೆ ಹೇಳಿ ಮಾಡಿಸಿದಂತಿದೆ. ಡಿಸ್ಕಿನಿಂದ ಬಂದ ಸಂಖ್ಯೆಯಷ್ಟು ಬಿಟ್ 1ನ್ನು ಎಡಕ್ಕೆ ಸರಿಸಿ, ಬಂದದ್ದರಿಂದ ಭಾಗಿಸುತ್ತಿದ್ದರು. ಡಿಸ್ಕಿನಲ್ಲಿ 36 ಎಂದು ಬರೆದಿದ್ದರೆ ಎಕ್ಸ್86 ಚಿಪ್‌ನಲ್ಲಿ ಉತ್ತರ 16, ಪವರ್‌ಪಿಸಿಯಲ್ಲಿ 0. ಸೊನ್ನೆಯೇ ಎಂದು ಆಮೇಲೆ ನೋಡುವ ಸಾಲು ಸೇರಿಸಿದರು. ಆದರೆ 1ನ್ನು ಸರಿಸಿದರೆ ಸೊನ್ನೆ ಬರುವುದು ಮಾನಕದ ಪ್ರಕಾರ ಅಸಾಧ್ಯವಾದ್ದರಿಂದ ಆ ಸಾಲನ್ನು ಕಂಪೈಲರ್ ತೆಗೆದುಹಾಕಬಹುದಿತ್ತು. ಕೊನೆಗೆ 2012ರಲ್ಲಿ ಸರಿಸುವ ಮೊದಲೇ ಸಂಖ್ಯೆ 1ರಿಂದ 31ರೊಳಗಿದೆಯೇ ಎಂದು ನೋಡುವಂತೆ ಬದಲಾಯಿತು. ಪರೀಕ್ಷೆ ಲೆಕ್ಕದ ಮೊದಲೇ ನಡೆಯಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಗೊತ್ತಿಲ್ಲ.

64 ಬಿಟ್‌ನಲ್ಲಿ ಎಚ್ಚರದಿಂದ ಲೆಕ್ಕ ಹಾಕಿ, ಕೊನೆಗೆ ಇಂಟ್ ತೆಗೆದುಕೊಳ್ಳುವ ಹಳೆಯ ಫಂಕ್ಷನ್ನಿಗೆ ಕೊಟ್ಟುಬಿಡುವುದು ಇನ್ನೊಂದು ಬಗೆ. 2021ರ ಜುಲೈನಲ್ಲಿ ‘ಸಿಕ್ವೋಯಾ’ ಹೆಸರಿನಲ್ಲಿ ಬಯಲಾದ ಸಿವಿಇ-2021-33909 ಅಂಥದ್ದು. ಒಟ್ಟು ಉದ್ದ 1 ಜಿಬಿ ಮೀರುವಷ್ಟು ಆಳದ ಡೈರೆಕ್ಟರಿಗಳನ್ನು ಸೃಷ್ಟಿಸಿದರೆ, ದಾರಿ ಬರೆಯುವ ಬಫರ್ ದ್ವಿಗುಣವಾಗುತ್ತಾ 2 ಜಿಬಿ ತಲುಪುತ್ತಿತ್ತು. ಆ ಗಾತ್ರ ಇಂಟ್ ಆದ ಕೂಡಲೇ ಋಣಸಂಖ್ಯೆಯಾಗಿ, ಬಫರಿನಿಂದ 2 ಜಿಬಿ ಹಿಂದಕ್ಕೆ 10 ಬೈಟ್ ಬರೆದುಬಿಡುತ್ತಿತ್ತು. ಸಾಮಾನ್ಯ ಬಳಕೆದಾರ ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಲು ಅಷ್ಟೇ ಸಾಕಾಯಿತು. 2014ರಿಂದ ಕರ್ನಲ್‌ನಲ್ಲಿದ್ದ ಸಾಲು ಅದು. ಕಂಪೈಲರಿನ ಡಬ್ಲ್ಯೂ ಕನ್ವರ್ಷನ್, ಡಬ್ಲ್ಯೂ ಸೈನ್ ಕಂಪೇರ್ ಎಚ್ಚರಿಕೆಗಳನ್ನು ಚಾಲೂ ಮಾಡಿದರೆ ಇಂಥ ಸಾಲುಗಳು ಕಾಣುತ್ತವೆ. ಹಳೆಯ ಕೋಡಿನಲ್ಲಿ ಒಮ್ಮೆಗೇ ನೂರಾರು ಎಚ್ಚರಿಕೆ ಬಂದು ಜನ ಬೇಸತ್ತು ಆಫ್ ಮಾಡುತ್ತಾರೆ. ಡಿಸ್ಕ್ ಓದುವ ಫೈಲುಗಳಿಗಷ್ಟೇ ಚಾಲೂ ಮಾಡಿ, ಒಂದೊಂದಾಗಿ ಮುಗಿಸಿ.

ಮೆಮೊರಿ ಕೇಳುವಾಗ ಸಂಖ್ಯೆ × ಗಾತ್ರ ಎಂದು ಕೈಯಲ್ಲಿ ಗುಣಿಸುವುದನ್ನು ನಿಲ್ಲಿಸಬೇಕು. 32 ಬೈಟಿನ ಡೈರೆಕ್ಟರಿ ನಮೂದುಗಳು 13,42,17,729 ಇವೆ ಎಂದು ಡಿಸ್ಕ್ ಹೇಳಿದರೆ 32 ಬಿಟ್ ಗುಣಾಕಾರದಲ್ಲಿ ಸಿಗುವುದು ಒಂದೇ ನಮೂದಿಗೆ ಸಾಲುವ 32 ಬೈಟ್. ಬಳಕೆದಾರರ ಪ್ರೋಗ್ರಾಮಿನಲ್ಲಿ ಮ್ಯಾಲಾಕ್ ಬದಲು ಕ್ಯಾಲಾಕ್, ಕರ್ನಲ್‌ನಲ್ಲಿ ಕೆ ಮ್ಯಾಲಾಕ್ ಅರೇ ಬಳಸಿದರೆ ಗುಣಾಕಾರದ ಪರೀಕ್ಷೆ ಒಳಗೇ ಆಗುತ್ತದೆ. ಆದರೆ ಅವಕ್ಕೆ ಸಂಖ್ಯೆ, ಗಾತ್ರ ಎರಡನ್ನೂ ಬೇರೆ ಬೇರೆಯಾಗಿ ಕೊಡಬೇಕು. ಮೊದಲೇ ಗುಣಿಸಿ 1ರ ಜೊತೆ ಕೊಟ್ಟರೆ ಪ್ರಯೋಜನವಿಲ್ಲ. ರಸ್ಟ್ ಭಾಷೆಗೆ ಹೋದರೆ ಎಲ್ಲ ತೀರಿತು ಎನ್ನುವವರಿಗೂ ಒಂದು ಮಾತು: ಡೀಬಗ್ ಬಿಲ್ಡ್‌ನಲ್ಲಿ ಓವರ್‌ಫ್ಲೋ ಆದರೆ ಪ್ರೋಗ್ರಾಂ ನಿಲ್ಲುತ್ತದೆ, ರಿಲೀಸ್ ಬಿಲ್ಡ್‌ನಲ್ಲಿ ಮಾಮೂಲಿನಂತೆ ಸುತ್ತಿಕೊಳ್ಳುತ್ತದೆ. ಚೆಕ್ಡ್ ಆಡ್ ಬಳಸಿ, ಅಥವಾ ರಿಲೀಸ್‌ಗೂ ಓವರ್‌ಫ್ಲೋ ಚೆಕ್ಸ್ ಆಯ್ಕೆಯನ್ನು ಚಾಲೂ ಮಾಡಿ.

ಪರೀಕ್ಷೆಗೆ ಬರುತ್ತೇನೆ. ಡಿಸ್ಕಿನ ರಚನೆಯನ್ನು ಓದಿ ಅರ್ಥೈಸುವ ಕೋಡನ್ನು ಡಿಸ್ಕಿನಿಂದ ಬೈಟ್ ತರುವ ಕೋಡಿನಿಂದ ಬೇರೆ ಇಟ್ಟರೆ, ಮೊದಲಿನದನ್ನು ಸಾಮಾನ್ಯ ಪ್ರೋಗ್ರಾಮಿನಂತೆ ಫೈಲಿನ ಮೇಲೆ ಓಡಿಸಬಹುದು. ಅಡ್ರೆಸ್ ಸ್ಯಾನಿಟೈಸರ್, ಅನ್‌ಡಿಫೈನ್ಡ್ ಬಿಹೇವಿಯರ್ ಸ್ಯಾನಿಟೈಸರ್ ಎಂಬ, ಓಡುವಾಗಲೇ ತಪ್ಪು ಹಿಡಿಯುವ ಕಂಪೈಲರ್ ಸೌಲಭ್ಯಗಳೆರಡನ್ನೂ ಸೇರಿಸಿ ಕಂಪೈಲ್ ಮಾಡಿ. ಅನ್‌ಸೈನ್ಡ್ ಸುತ್ತುವಿಕೆಯನ್ನು ಎರಡನೆಯದು ತಾನಾಗಿ ಹಿಡಿಯುವುದಿಲ್ಲ. ಕ್ಲ್ಯಾಂಗ್‌ನಲ್ಲಿ ಅದಕ್ಕೆ ಪ್ರತ್ಯೇಕ ಆಯ್ಕೆಯಿದೆ, ಜಿಸಿಸಿಯಲ್ಲಿ ಇಲ್ಲ. ಹ್ಯಾಶ್ ಲೆಕ್ಕದಂಥ ಕಡೆ ಬೇಕೆಂದೇ ಸುತ್ತಿಸುತ್ತಾರೆ, ಅಂಥ ಫಂಕ್ಷನ್‌ಗಳಿಗೆ ವಿನಾಯಿತಿ ಗುರುತು ಹಾಕಬೇಕು. ಆಮೇಲೆ ಎಎಫ್‌ಎಲ್ ಪ್ಲಸ್ ಪ್ಲಸ್‌ನಂಥ ಫಝರ್‌ಗೆ (ಇನ್‌ಪುಟ್‌ನ ಬೈಟ್‌ಗಳನ್ನು ಬದಲಿಸುತ್ತಾ ಪ್ರೋಗ್ರಾಂ ಎಲ್ಲಿ ಕುಸಿಯುತ್ತದೆಂದು ಹುಡುಕುವ ಸಾಧನಕ್ಕೆ) ಸಾಧ್ಯವಾದಷ್ಟು ಚಿಕ್ಕ ಸರಿಯಾದ ಇಮೇಜ್ ಕೊಟ್ಟು ಬಿಡಿ. ಕರ್ನಲ್ ಕೋಡಿಗೆ ಸಿಜ್‌ಕಾಲರ್ ಎಂಬ ಫಝರ್ ಇದೆ. ಡಿಸ್ಕ್ ರಚನೆಯಲ್ಲಿ ಚೆಕ್‌ಸಮ್ (ದತ್ತಾಂಶ ಬದಲಾಗಿದೆಯೇ ಎಂದು ತಾಳೆ ನೋಡುವ ಅಂಕಿ) ಇದ್ದರೆ ಫಝರ್ ಬದಲಿಸಿದ ಪ್ರತಿ ಇಮೇಜೂ ಬಾಗಿಲಲ್ಲೇ ತಿರಸ್ಕೃತವಾಗುತ್ತದೆ, ಒಳಗಿನ ಕೋಡಿಗೆ ಪರೀಕ್ಷೆಯೇ ಆಗುವುದಿಲ್ಲ. ಫಝ್ ಮಾಡುವ ಬಿಲ್ಡ್‌ನಲ್ಲಿ ಆ ತಪಾಸಣೆ ಆಫ್ ಇರಲಿ. ಹಾಗೆಂದು ಚೆಕ್‌ಸಮ್ ಇದೆ, ನಾವು ಸುರಕ್ಷಿತ ಎಂದುಕೊಳ್ಳುವಂತಿಲ್ಲ. ಸಿಆರ್‌ಸಿ ಎಂಬ ಬಗೆಯ ಚೆಕ್‌ಸಮ್ ಆಕಸ್ಮಿಕ ಹಾನಿ ಹಿಡಿಯಲು ಇರುವುದು, ದುರುದ್ದೇಶದಿಂದ ಇಮೇಜ್ ಕಟ್ಟುವವರು ಸರಿಯಾದ ಸಿಆರ್‌ಸಿಯನ್ನೂ ಬರೆದೇ ಕಳಿಸುತ್ತಾರೆ.

ಅಂಗಡಿ, ಕಚೇರಿಗಳಲ್ಲಿ ಕೂತವರಿಗೆ ಸ್ವಲ್ಪವೇ ಹೇಳುವುದಿದೆ. 2025ರ ಮಾರ್ಚ್ ತಿಂಗಳ ವಿಂಡೋಸ್ ಅಪ್‌ಡೇಟ್‌ನಲ್ಲಿ ಎಫ್‌ಎಟಿ ಡ್ರೈವರ್‌ನ ಇಂಟಿಜರ್ ಓವರ್‌ಫ್ಲೋ ಒಂದು, ಸಿವಿಇ-2025-24985, ಸರಿಯಾಯಿತು. ತಿದ್ದುಪಡಿ ಬರುವ ಮೊದಲೇ ದಾಳಿಗೆ ಬಳಕೆಯಾಗಿದ್ದ ದೋಷ ಅದು. ಅಪರಿಚಿತ ವಿಎಚ್‌ಡಿ (ವಿಂಡೋಸ್‌ನ ಡಿಸ್ಕ್ ಇಮೇಜ್) ಫೈಲನ್ನು ಮೌಂಟ್ ಮಾಡಿಸಿದರೆ ಕೆಲಸ ಆಗುತ್ತಿತ್ತು. ಅಪ್‌ಡೇಟ್ ಮುಂದೂಡಬೇಡಿ, ಇಮೇಲ್‌ನಲ್ಲಿ ಬಂದ ಡಿಸ್ಕ್ ಇಮೇಜ್ ಮೇಲೆ ಡಬಲ್ ಕ್ಲಿಕ್ ಮಾಡಬೇಡಿ. ಲಿನಕ್ಸ್ ಇರುವ ಲ್ಯಾಬುಗಳಲ್ಲಿ ತಾನಾಗಿ ಮೌಂಟ್ ಆಗುವುದನ್ನು ಆಫ್ ಮಾಡಿ, ಯಾರೂ ಬಳಸದ ಎಚ್‌ಎಫ್‌ಎಸ್, ಜೆಎಫ್‌ಎಸ್‌ನಂಥ ಫೈಲ್‌ಸಿಸ್ಟಮ್ ಮಾಡ್ಯೂಲ್‌ಗಳು ಲೋಡ್ ಆಗದಂತೆ ಮಾಡ್‌ಪ್ರೋಬ್ ಸಂರಚನೆಯಲ್ಲಿ ತಡೆಯಿರಿ.

ಕಾಲೇಜುಗಳಿಗೆ ನನ್ನ ಸಲಹೆ ಒಂದು ಲ್ಯಾಬ್ ಅಭ್ಯಾಸದ ರೂಪದಲ್ಲಿದೆ. ವಿದ್ಯಾರ್ಥಿ ಎಫ್‌ಎಟಿ32 ಇಮೇಜಿನ ಮೂಲ ಡೈರೆಕ್ಟರಿ ತೋರಿಸುವ ಪ್ರೋಗ್ರಾಂ ಬರೆಯಲಿ, ಇನ್ನೂರು ಸಾಲಿನ ಆಸುಪಾಸಿನ ಕೆಲಸ. ಎಫ್‌ಎಟಿ32 ಎನಿಸಿಕೊಳ್ಳಲು ಕನಿಷ್ಠ 65,525 ಕ್ಲಸ್ಟರ್ ಬೇಕಾದ್ದರಿಂದ ಇಮೇಜ್ 40 ಎಂಬಿ ಇರಲಿ, ಬಹುಪಾಲು ಸೊನ್ನೆಯಾದ್ದರಿಂದ ಜಿಪ್ ಮಾಡಿದರೆ ಪುಟ್ಟದಾಗುತ್ತದೆ. ಅದರ ಪ್ರತಿಗಳನ್ನು ಒಂದೊಂದು ಬಗೆಯಲ್ಲಿ ಕೆಡಿಸಿ ಕೊಡಿ: 11ನೇ ಬೈಟಿನಲ್ಲಿ 0, ಇನ್ನೊಂದರಲ್ಲಿ 65,535, 13ನೇ ಬೈಟಿನಲ್ಲಿ 0 ಮತ್ತು 3, 36ರಿಂದ 00 00 00 80 (ಚಿಕ್ಕ ಬೈಟ್ ಮೊದಲು ಬರುವ ಕ್ರಮ, ಅದರ ಬೆಲೆಯೇ ಮೇಲೆ ಹೇಳಿದ 2,14,74,83,648), 44ರಲ್ಲಿ 0, 1, ಕೊನೆಯ ಕ್ಲಸ್ಟರಿಗಿಂತ ಒಂದು ಹೆಚ್ಚು, 32ರಲ್ಲಿ ನಾಲ್ಕೂ ಬೈಟ್ 255. ಡಿಡಿ ಆಜ್ಞೆಯಿಂದ ಬೈಟ್ ಬದಲಿಸುವಾಗ ನೋಟ್ರಂಕ್ ಆಯ್ಕೆ ಮರೆತರೆ ಇಮೇಜ್ ಅಲ್ಲಿಗೇ ಕತ್ತರಿಸಿಹೋಗುತ್ತದೆ. ಪ್ರೋಗ್ರಾಂ ಪ್ರತಿಯೊಂದಕ್ಕೂ ಸರಿಯಾದ ಎರರ್ ಹೇಳಿ ನಿಲ್ಲಬೇಕು, ಕುಸಿಯಬಾರದು, ನೇತಾಡಬಾರದು. ಅಂಕ ಇದಕ್ಕೇ ಕೊಡಿ. ಕೆಡಿಸಿದ ಇಮೇಜನ್ನು ಲ್ಯಾಬಿನ ಕಂಪ್ಯೂಟರಿನಲ್ಲಿ ಮೌಂಟ್ ಮಾಡಿ ನೋಡುವ ಆಸೆ ಹುಡುಗರಿಗೆ ಬಂದೇ ಬರುತ್ತದೆ, ವರ್ಚುವಲ್ ಮಷೀನಿನ ಹೊರಗೆ ಅದಕ್ಕೆ ಅವಕಾಶ ಕೊಡಬೇಡಿ.

ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣವಿದ್ದು ಅಲ್ಲಿ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ಎರಡೂ ಜಿಲ್ಲೆಗಳ ಸಿ ಮತ್ತು ಆಪರೇಟಿಂಗ್ ಸಿಸ್ಟಮ್ ಕಲಿಸುವ ಅಧ್ಯಾಪಕರಿಗೆ ಈ ಅಭ್ಯಾಸವನ್ನಿಟ್ಟುಕೊಂಡು ಎರಡು ದಿನದ ಕಮ್ಮಟ ಅಲ್ಲಿ ಸಾಧ್ಯವೇ ಎಂದು ಕಾಲೇಜುಗಳ ವಿಭಾಗ ಮುಖ್ಯಸ್ಥರು ಒಟ್ಟಾಗಿ ಕೇಳಲಿ. ಕ್ಯಾಮೆರಾ ರೆಕಾರ್ಡರ್‌ಗಳಿಗೆ ಟೆಂಡರ್ ಕರೆಯುವ ಪಾಲಿಕೆ, ನಗರಸಭೆಗಳು ಪೆಟ್ಟಿಗೆಯ ಬೂಟ್‌ಲೋಡರ್ ಯಾವುದು, ಯಾವ ಆವೃತ್ತಿ, ಎಷ್ಟು ವರ್ಷ ಫರ್ಮ್‌ವೇರ್ ಅಪ್‌ಡೇಟ್ ಕೊಡುತ್ತೀರಿ ಎಂಬ ಮೂರು ಪ್ರಶ್ನೆಗಳನ್ನು ಷರತ್ತಿನ ಪಟ್ಟಿಗೆ ಸೇರಿಸಲಿ. ಉತ್ತರ ಯು-ಬೂಟ್ ಎಂದು ಬಂದು, ಆವೃತ್ತಿ 2025.01ಕ್ಕಿಂತ ಹಳೆಯದಾಗಿದ್ದರೆ, ಮೇಲೆ ಹೇಳಿದ ತಿದ್ದುಪಡಿಯನ್ನು ಪ್ರತ್ಯೇಕವಾಗಿ ಸೇರಿಸಲಾಗಿದೆಯೇ ಎಂಬುದನ್ನು ಮಾರುವವರಿಂದ ಬರಹದಲ್ಲೇ ಕೇಳಿ ಪಡೆಯಬೇಕು.

ಇತಿ,
ಸಿಸ್ಟಮ್ಸ್ ಪ್ರೋಗ್ರಾಮಿಂಗ್ ಕ್ಷೇತ್ರದ ಓದುಗ
ದಾವಣಗೆರೆ